ಅಪ್ಪಯ್ಯನ ಪಹಣಿ, ಬೋರ್ಡೋ ಊರಿನ ವೀಸಾ

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿಗೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಡಿಕೆ ಸುಲಿತಾ ಕೂತಿರ್ತೀರಿ, ಪಕ್ಕದಲ್ಲೇ ರೇಡಿಯೋ ಇರುತ್ತೆ, ನಮ್ಮ ಮನೇಲೂ ಹಂಗೇ. ಇವತ್ತು ಯುರೋಪಿನ ಟೂರಿಸ್ಟ್ ವೀಸಾ ಬಗ್ಗೆ ಮಾತಾಡ್ಬೇಕು ಅಂತ ಬಂದಿದೀನಿ, ಆದ್ರೆ ಮಾತು ಶುರುವಾಗೋದು ತೋಟದಿಂದಲೇ.

ನಮ್ಮೂರು ತೀರ್ಥಹಳ್ಳಿ ಹತ್ರ. ಅಪ್ಪಯ್ಯಂಗೆ ಈಗ 71 ವರ್ಷ. ಮಳೆ ಹಿಡಿಯೋ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಅಡಿಕೆ ಕೊನೆಗೆ, ಅಂದ್ರೆ ಗೊಂಚಲಿಗೆ, ಮದ್ದು ಹೊಡೆಸೋದನ್ನ ಅವರು ಒಂದು ವರ್ಷಾನೂ ತಪ್ಪಿಸಿದವರಲ್ಲ. ಬೋರ್ಡೋ ದ್ರಾವಣ ಅಂತೀವಲ್ಲ ಅದೇ, ಆ ಬೋರ್ಡೋ ಅನ್ನೋದು ಫ್ರಾನ್ಸಿನ ಒಂದು ಊರು. ಅಲ್ಲಿ ದಾರಿ ಪಕ್ಕದ ದ್ರಾಕ್ಷಿ ಬಳ್ಳಿಗೆ, ಹೋಗೋ ಬರೋರು ಹಣ್ಣು ಕೀಳಬಾರ್ದು ಅಂತ ಮೈಲುತುತ್ತ ಸುಣ್ಣ ಬಳೀತಿದ್ರಂತೆ, ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದನ್ನ ಮಿಲಾರ್ಡೆ ಅನ್ನೋ ಪ್ರೊಫೆಸರ್ ಗಮನಿಸಿ, ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದ್ರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರೋ ನಮ್ಮ ಕೊಳೆರೋಗಕ್ಕೂ ಇದೇ ಮದ್ದು ಅಂತ ತೋರಿಸಿಕೊಟ್ರು. ಆ ಊರನ್ನ ಒಂದ್ಸಲ ನೋಡ್ಬೇಕು ಮಗಾ, ಅಂತ ಅಪ್ಪಯ್ಯ ಅಂದ್ರು. ಅಮ್ಮಂಗೆ ಹಾಲೆಂಡಿನ ಟ್ಯುಲಿಪ್ ಹೂವು ನೋಡೋ ಆಸೆ. ಸರಿ, ಹೊರಡೋಣ ಅಂತಾಯ್ತು.

ಫ್ರಾನ್ಸಿಗೊಂದು ಹಾಲೆಂಡಿಗೊಂದು ಅಂತ ಬೇರೆ ಬೇರೆ ವೀಸಾ ಬೇಕಿಲ್ಲ. ಶೆಂಗೆನ್ ವೀಸಾ ಅಂತ ಒಂದೇ ಇದೆ, 29 ದೇಶಕ್ಕೆ ನಡೆಯುತ್ತೆ. ಶೆಂಗೆನ್ ಅನ್ನೋದು ಲಕ್ಸೆಂಬರ್ಗ್ ದೇಶದಲ್ಲಿ ಮೊಸೆಲ್ ನದಿ ದಡದ ಒಂದು ಸಣ್ಣ ಹಳ್ಳಿ, 1985ರ ಜೂನ್ 14ಕ್ಕೆ ಐದು ದೇಶದವರು ಅಲ್ಲಿ ಹಡಗಿನಲ್ಲಿ ಕೂತು ಒಪ್ಪಂದಕ್ಕೆ ಸಹಿ ಹಾಕಿದ್ರು. ಈ ವೀಸಾದಲ್ಲಿ ಯಾವುದೇ 180 ದಿನದೊಳಗೆ ಹೆಚ್ಚಂದ್ರೆ 90 ದಿನ ಇರಬಹುದು. ಲಂಡನ್ನಿಗೆ ಇದು ನಡೆಯಲ್ಲ, ಅದಕ್ಕೆ ಬೇರೆಯದೇ ವೀಸಾ.

ಯಾವ ದೇಶಕ್ಕೆ ಅರ್ಜಿ ಹಾಕ್ಬೇಕು ಅನ್ನೋದರಲ್ಲಿ ಸುಮಾರು ಜನ ತಪ್ತಾರೆ. ವಿಮಾನ ಎಲ್ಲಿ ಇಳಿಯುತ್ತೆ ಅನ್ನೋದು ಮುಖ್ಯ ಅಲ್ಲ, ಹೆಚ್ಚು ದಿನ ಎಲ್ಲಿ ಉಳೀತೀರಿ ಅನ್ನೋದು ಮುಖ್ಯ. ನಾವು ಇಳಿಯೋದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಅಲ್ಲಿ 4 ರಾತ್ರಿ, ಆಮೇಲೆ ಪ್ಯಾರಿಸ್ 5, ಬೋರ್ಡೋ 6, ಹಂಗಾಗಿ ಫ್ರಾನ್ಸಿಗೇ ಹಾಕಿದ್ವಿ. ದಿನ ಸಮ ಸಮ ಆದ್ರೆ ಮಾತ್ರ ಮೊದಲು ಕಾಲಿಡೋ ದೇಶ.

ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದೀನಿ, ಸಂಬಳದ ಸ್ಲಿಪ್ಪು, ರಜೆ ಪತ್ರ, ಐಟಿ ರಿಟರ್ನ್ಸು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲಾ ಒಂದೇ ಸಂಜೇಲಿ ಸೇರಿಸಿಬಿಟ್ಟೆ. ಅಪ್ಪಯ್ಯ ಅಮ್ಮನ ಫೈಲಿಗೆ ಒಂದೂವರೆ ತಿಂಗಳು ಹಿಡೀತು. ಯಾಕಂದ್ರೆ ಬೆಳೆಗಾರರ ದುಡ್ಡು ತಿಂಗಳು ತಿಂಗಳು ಬರೋದಲ್ಲ. ವರ್ಷಕ್ಕೆ ಎರಡೋ ಮೂರೋ ಸಲ ಅಡಿಕೆ ಕೊಟ್ಟಾಗ ಒಟ್ಟಿಗೆ ಬಂದು ಬೀಳುತ್ತೆ, ನಡುವೆ ಕೂಲಿ, ಗೊಬ್ಬರ, ಸೊಸೈಟಿ ಸಾಲ ಅಂತ ಕರಗ್ತಾ ಹೋಗುತ್ತೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಕಾಯ್ದೆಯಲ್ಲೇ ವಿನಾಯ್ತಿ ಇದೆ, ಹಂಗಾಗಿ ಬಹಳ ಜನ ರಿಟರ್ನ್ಸೇ ಹಾಕಿರಲ್ಲ. ದೂರದಲ್ಲಿ ಕೂತು ಫೈಲ್ ನೋಡೋ ಅಧಿಕಾರಿಗೆ ಕಾಣೋದು ಏನು, ಖಾಲಿ ಖಾಲಿ ಖಾತೆ, ಇದ್ದಕ್ಕಿದ್ದ ಹಾಗೆ ಒಂದು ದೊಡ್ಡ ಮೊತ್ತ! ಯಾರ ಹತ್ರನೋ ತಂದು ತುಂಬಿದ್ದು ಅಂತ ಅವರಿಗೆ ಅನಿಸಿದ್ರೆ ತಪ್ಪು ಹೇಳಕ್ಕಾಗಲ್ಲ. ನಮ್ಮ ಸಂಬಂಧಿಕರೊಬ್ಬರಿಗೆ ಹೀಗೇ ಆಗಿ ವೀಸಾ ನಿರಾಕರಣೆ ಆಗಿತ್ತು, ಜೊತೆಗೆ ಬರೋ ಕಾಗದದಲ್ಲಿ ಕಾರಣಗಳ ಎದುರು ಟಿಕ್ ಹಾಕಿರ್ತಾರೆ, ಅವಧಿ ಮುಗಿಯೋದ್ರೊಳಗೆ ನೀವು ವಾಪಸ್ ಹೋಗ್ತೀರಿ ಅಂತ ನಂಬಿಕೆ ಬರ್ಲಿಲ್ಲ ಅಂತ ಇತ್ತು. ಹತ್ತು ಎಕರೆ ತೋಟ, ಕೊಟ್ಟಿಗೆ ತುಂಬ ದನ ಇರೋ ಮನುಷ್ಯ ಅದು. ಅದನ್ನ ಓದಿ ನಂಗೆ ಬಹಳ ಬೇಜಾರಾಗಿತ್ತು.

ಅದಕ್ಕೇ ಈ ಮಾತು ಒತ್ತಿ ಹೇಳ್ತೀನಿ, ವಾಪಸ್ ಬರೋದಕ್ಕೆ ನಮ್ಮವರಿಗೆ ಇರೋಷ್ಟು ಕಾರಣ ಬೇರೆಯವರಿಗೆ ಇರೋದು ಕಷ್ಟ, ಆದ್ರೆ ಅದು ತೋಟದಲ್ಲಿದೆ, ಕಾಗದದಲ್ಲಿಲ್ಲ. ಅದನ್ನ ಕಾಗದಕ್ಕೆ ತರ್ಬೇಕು. ಮೊದಲು ಪಹಣಿ ತೆಗೆಸಿ. ನಮ್ಮದರಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು ಮಾರಾಯ್ರೆ, ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆಗಿದ್ರೂ! ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಕೊಟ್ಟು ಅಪ್ಪಯ್ಯನ ಹೆಸರಿಗೆ ಬಂದಮೇಲೇ ಮುಂದಿನ ಕೆಲಸ. ವೀಸಾ ಬೇಡ ಅನ್ನೋರೂ ಇದೊಂದು ಮಾಡಿಸ್ಕೊಳ್ಳಿ. ಪಹಣಿ ಕನ್ನಡದಲ್ಲಿರುತ್ತೆ, ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ ಎರಡನ್ನೂ ಇಟ್ವಿ. ಆಮೇಲೆ ಅಡಿಕೆ ಮಾರಿದ ಬಿಲ್ಲುಗಳು, ಮೂರು ವರ್ಷದ್ದು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ಅಡಿಕೆಯ ಒಂದೊಂದು ದರ್ಜೆಯ ಲೆಕ್ಕ ಇರೋದು. ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರತಿ ದೊಡ್ಡ ಜಮಾದ ಪಕ್ಕ ಪೆನ್ಸಿಲ್ಲಲ್ಲಿ ನಂಬರ್ ಬರೆದು, ಅದೇ ನಂಬರನ್ನ ಬಿಲ್ಲಿನ ಮೇಲೂ ಬರೆದೆ. ಒಬ್ರು ಏಜೆಂಟ್ ಯಾರ ಹತ್ರನಾದ್ರೂ ಐದು ಲಕ್ಷ ತಗೊಂಡು ಎರಡು ತಿಂಗಳು ಖಾತೇಲಿ ಇಟ್ಬಿಡಿ ಅಂದಿದ್ರು. ಅಪ್ಪಯ್ಯ ಒಪ್ಪಲಿಲ್ಲ, ನಂದಲ್ಲದ ದುಡ್ಡು ತೋರಿಸಿ ಯಾವ ಊರೂ ನೋಡೋದು ಬೇಡ ಅಂದ್ಬಿಟ್ರು. ನೀವೂ ಒಪ್ಬೇಡಿ.

ಅರ್ಜಿ ಜೊತೆ ಇಡೋ ಕವರಿಂಗ್ ಲೆಟರನ್ನ ಅಪ್ಪಯ್ಯ ಕನ್ನಡದಲ್ಲಿ ತಾವೇ ಬರೆದ್ರು, ನಾನು ಇಂಗ್ಲಿಷ್ ಮಾಡ್ದೆ. ಜೂನ್ ಮೊದಲ ವಾರ ಮೊದಲ ಮದ್ದು ಹೊಡೆಸ್ಬೇಕು, ಅದಾಗಿ 40-45 ದಿನಕ್ಕೆ ಎರಡನೇದು, ತಪ್ಪಿದ್ರೆ ಕೊನೆ ಉದುರಿ ವರ್ಷದ ಬೆಳೆ ಹೋಗುತ್ತೆ, ಆದ್ದರಿಂದ ಮೇ ತಿಂಗಳ ಮಧ್ಯಕ್ಕೇ ವಾಪಸ್ ಬರ್ತೀನಿ, ಈ ಮದ್ದು ಹುಟ್ಟಿದ ಊರು ನೋಡೋದೇ ಪ್ರವಾಸದ ಉದ್ದೇಶ, ಅಂತ ಇತ್ತು. ಟೈಪ್ ಮಾಡ್ವಾಗ ನಂಗೆ ಗಂಟಲು ಕಟ್ಟಿತು.

ಇನ್ನುಳಿದದ್ದು ಬೇಗ ಹೇಳ್ತೀನಿ, ಬರ್ಕೊಳ್ಳೋರು ಬರ್ಕೊಳ್ಳಿ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟಿದ್ದಾಗಿರ್ಬೇಕು, ಯುರೋಪ್ ಬಿಟ್ಟಮೇಲೂ ಮೂರು ತಿಂಗಳು ಚಾಲ್ತಿ ಇರ್ಬೇಕು, ಎರಡು ಖಾಲಿ ಪುಟ ಇರ್ಬೇಕು. ಟ್ರಾವೆಲ್ ಇನ್ಶೂರೆನ್ಸ್ ಕಡಿಮೆ ಅಂದ್ರೂ 30,000 ಯೂರೋದ್ದು. ಫೀಸು 2024ರ ಜೂನಿಂದ ದೊಡ್ಡವರಿಗೆ 90 ಯೂರೋ, ಅರ್ಜಿ ತಗೊಳ್ಳೋ ಸೆಂಟರಿನ ಚಾರ್ಜು ಬೇರೆ, ವೀಸಾ ಸಿಗದಿದ್ರೂ ಫೀಸು ವಾಪಸ್ ಬರಲ್ಲ. ಹೊರಡೋ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡಂಗಿಲ್ಲ. ಬೇಸಿಗೆಗೆ ಹೋಗೋದಾದ್ರೆ ಕೊಯ್ಲು ಮುಗೀತಿದ್ದಂಗೇ ಅಪಾಯಿಂಟ್‌ಮೆಂಟ್ ಹಿಡೀರಿ. ಹೆಸರು ಮಾತ್ರ ಎಲ್ಲಾ ಕಾಗದದಲ್ಲೂ ಒಂದೇ ಥರ ಇದೆಯಾ ನೋಡ್ಕೊಳ್ಳಿ, ಅಮ್ಮನ ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಲ್ಲಿ ಒಂದು ಇತ್ತು, ಸರಿಮಾಡಿಸೋಕೆ ಓಡಾಡಿದ್ವಿ.

ರಾತ್ರಿ ಬಸ್ಸಿಗೆ ಬೆಂಗಳೂರಿನ ಅರ್ಜಿ ಸೆಂಟರಿಗೆ ಹೋದ್ವಿ. ಹತ್ತೂ ಬೆರಳಿನ ಗುರುತು ತಗೊಳ್ತಾರೆ ಅಲ್ಲಿ. ಅಮ್ಮನ ಬೆರಳು ಮಷೀನಿಗೆ ಹಿಡೀಲೇ ಇಲ್ಲ. ಐವತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಕೈ, ಚೊಗರು ಹತ್ತಿ ಗೆರೆಗಳೇ ಸವೆದುಹೋಗಿವೆ. ಅಮ್ಮ ಹೆದರಿ ನನ್ನ ಮುಖ ನೋಡಿದ್ರು. ಅಲ್ಲಿದ್ದ ಹುಡುಗಿ ತಾಳ್ಮೆಯಿಂದ, ಅಮ್ಮಾ ಗಾಬರಿ ಆಗ್ಬೇಡಿ ಅಂತ ಹೇಳಿ, ಕೈ ಒರೆಸಿ ಒರೆಸಿ ನಾಲ್ಕನೇ ಸಲಕ್ಕೆ ತಗೊಂಡ್ಲು. ಒಂದ್ಸಲ ಕೊಟ್ರೆ 59 ತಿಂಗಳು ಅದೇ ನಡೆಯುತ್ತೆ.

ಸೆಂಟರಿನವರು ಫೈಲ್ ತಗೊಳ್ತಾರೆ ಅಷ್ಟೇ, ತೀರ್ಮಾನ ದೂತಾವಾಸದ್ದು. ಮಾಮೂಲಿಗೆ 15 ದಿನ, ಕೆಲವು ಸಲ 45ರವರೆಗೂ ಎಳೆಯಬಹುದು. ನಮ್ಮದು ಹದಿಮೂರನೇ ದಿನ ಬಂತು, ಮೂವರದ್ದೂ ಆಗಿತ್ತು.

ಬೋರ್ಡೋ ಹತ್ರದ ಒಂದು ದ್ರಾಕ್ಷಿ ತೋಟದಲ್ಲಿ ಅಪ್ಪಯ್ಯ ನನ್ನ ಕೈಲಿ ಕೇಳಿಸಿದ್ರು, ಈಗ್ಲೂ ಮೈಲುತುತ್ತ ಹೊಡೀತೀರಾ ಅಂತ. ಹೌದು ಅಂದ್ರು ತೋಟದವರು, ಆದ್ರೆ ಅದರಲ್ಲಿರೋ ತಾಮ್ರಕ್ಕೆ ಈಗ ಮಿತಿ ಇದೆ, ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಮೀರಂಗಿಲ್ಲ ಅಂತ. ಅಪ್ಪಯ್ಯ ಬಗ್ಗಿ ಬಳ್ಳಿ ಎಲೆ ಮುಟ್ಟಿ ಮುಟ್ಟಿ ನೋಡಿದ್ರು. ಊರಿಗೆ ವಾಪಸ್ ಬಂದವರೇ ನಮ್ಮ ತೋಟದ ಲೆಕ್ಕ ಹಾಕೋಕೆ ಕೂತ್ರು, ಜೂನ್ 3ಕ್ಕೆ ಮೊದಲ ಮದ್ದು ಹೊಡೆಸಿದ್ರು. ಬೋರ್ಡಿಂಗ್ ಪಾಸುಗಳನ್ನ ಅಮ್ಮ ಅದೇ ಫೈಲಲ್ಲಿ ಪಹಣಿ ಜೊತೆ ಇಟ್ಟಿದಾರೆ. ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದ ಭಾರತೀಯರಿಗೆ ಮುಂದಿನದು ಎರಡು ವರ್ಷದ್ದು ಸಿಗೋ ಅವಕಾಶ 2024ರಿಂದ ಇದೆ, ಅದಕ್ಕೆ ಬೇಕಾಗುತ್ತೆ ಅಂತ.