ಹಳೇ ಟ್ರ್ಯಾಕ್ಟರಿಗೆ ಎಷ್ಟು ತಟ್ಟೆಯ ಹ್ಯಾರೋ?

ಎಲ್ಲರಿಗೂ ನಮಸ್ಕಾರ.

ಉತ್ತ ಹೊಲದ ಹೆಂಟೆ ಒಡೆಯುವ ತಟ್ಟೆ ಹ್ಯಾರೋ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದು, "ಎಷ್ಟು ಎಚ್‌ಪಿ ಗಾಡಿ ರೀ?" ನಾವು 35 ಅನ್ನುತ್ತೇವೆ. ಅದು ಗಾಡಿ ಹೊಸದಿದ್ದಾಗಿನ ಮಾತು. ಇಪ್ಪತ್ತು ವರ್ಷ ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ದುಡಿದ ಎಂಜಿನ್ ಇವತ್ತೂ ಅಷ್ಟೇ ಎಳೆಯುತ್ತದಾ?

ನನ್ನ ಕಥೆಯನ್ನೇ ಹೇಳುತ್ತೇನೆ. ನನ್ನ 35 ಎಚ್‌ಪಿ ಹಳೇ ಗಾಡಿಗೆ 16 ತಟ್ಟೆಯ ಆಫ್‌ಸೆಟ್ ಹ್ಯಾರೋ (ತಟ್ಟೆಗಳು ಹಿಂದೆ ಮುಂದೆ ಎರಡು ಸಾಲಾಗಿ ಇರುವಂಥದ್ದು) ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಅಗ್ಗ ಅಂತ ತಂದೆ. ಹ್ಯಾರೋ ಎತ್ತಿಕೊಂಡು ಒಡ್ಡು ಹತ್ತಿದರೆ ಮುಂದಿನ ಗಾಲಿಗಳು ನೆಲ ಬಿಟ್ಟವು. ಸ್ಟೇರಿಂಗ್ ಕೈಯಲ್ಲಿ ಸುಮ್ನೆ ತಿರುಗುತ್ತಿತ್ತು! ಮುಂದೆ ವೇಟ್ ಹಾಕಿಸಿದೆ. ಗಾಲಿ ಏಳುವುದು ನಿಂತಿತು, ಎಳೆಯುವ ಶಕ್ತಿ ಬರಲಿಲ್ಲ. ಹೊಲದಲ್ಲಿ ಕಪ್ಪು ಹೊಗೆ, ಹಿಂದಿನ ಟೈರು ನಿಂತಲ್ಲೇ ಸುತ್ತುವುದು. ತಟ್ಟೆಗಳ ಓರೆ ಕಮ್ಮಿ ಮಾಡಿದೆ. ಆಗ ಎಳೆಯಿತು, ಆದರೆ ಹೆಂಟೆ ಒಡೆಯಲಿಲ್ಲ, ಬರೀ ನೆಲ ಕೆರೆಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಎಂಜಿನ್ 35 ಇದ್ದರೆ ಪಿಟಿಒಗೆ, ಅಂದರೆ ಬೇರೆ ಯಂತ್ರ ತಿರುಗಿಸುವ ಹಿಂದಿನ ಶಾಫ್ಟಿಗೆ, ಸಿಗುವುದು ಸುಮಾರು 30. ಉತ್ತ ಸಡಿಲ ಮಣ್ಣಿನಲ್ಲಿ ಎಳೆಯುವುದಕ್ಕೆ ಉಳಿಯುವುದು ಅದರಲ್ಲಿ ರೂಪಾಯಿಗೆ ಹತ್ತಾಣೆ ಅಂತಿಟ್ಟುಕೊಳ್ಳಿ, ಸುಮಾರು 18. ಗಾಡಿಯ ವಯಸ್ಸಿಗೆ ಎರಡು ಬಿಡಿ, 16.

ಇನ್ನು ಹ್ಯಾರೋ ಕಡೆ ಬನ್ನಿ. ತಟ್ಟೆಯಿಂದ ತಟ್ಟೆಗೆ 9 ಇಂಚು ಇದ್ದರೆ 12 ತಟ್ಟೆಯ ಆಫ್‌ಸೆಟ್ ನಾಲ್ಕೂವರೆ ಅಡಿ ಅಗಲ ಹೊಡೆಯುತ್ತದೆ. ನಾಲ್ಕು ಇಂಚು ಆಳ, ಗಂಟೆಗೆ 6 ಕಿಲೋಮೀಟರ್ ವೇಗ ಹಿಡಿದರೆ ಎರೆಯಲ್ಲಿ ಅದಕ್ಕೆ ಸುಮಾರು 15 ಎಚ್‌ಪಿ ಬೇಕು. 14 ತಟ್ಟೆಗೆ 17. 16 ತಟ್ಟೆಗೆ 19 ದಾಟುತ್ತದೆ. ನಾನು ಸೋತದ್ದು ಎಲ್ಲಿ ಅಂತ ಗೊತ್ತಾಯ್ತಲ್ವಾ? ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲಿ ಸ್ವಲ್ಪ ಹಗುರ. ಹದ ತಪ್ಪಿದ ಎರೆಯಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ.

ನನ್ನ ಗಾಡಿಯ 16 ಎಚ್‌ಪಿಗೆ ಹೊಂದುವುದು 12 ತಟ್ಟೆಯದೇ. ಅದರಲ್ಲೂ ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಹಿಂದಿನ ಟೈರುಗಳ ಹೊರ ಅಂಚು ಹ್ಯಾರೋಗಿಂತ ಅಗಲ ಇರುತ್ತದೆ, ಟೈರಿನ ಗುರುತು ಉಳಿಯುತ್ತದೆ. ಗಾಲಿಗಳನ್ನು ಒಳಕ್ಕೆ ಹಾಕಿಸಬಹುದು. ಅಗಲ ಕಮ್ಮಿ ಅಂತ ಡೀಸೆಲ್ ಸ್ವಲ್ಪ ಜಾಸ್ತಿ, ಆದರೆ ಕ್ಲಚ್ ಉಳಿಯುತ್ತದೆ.

ಕೊಳ್ಳುವ ಮೊದಲು ಹ್ಯಾರೋ ಎತ್ತುವ ಗಾಡಿಯ ಲಿಫ್ಟ್ ನೋಡಿ. ಹ್ಯಾರೋ ಎತ್ತಿ ಎಂಜಿನ್ ಆಫ್ ಮಾಡಿ. ಬೇಗ ಬೇಗ ಕೆಳಗಿಳಿದರೆ ಲಿಫ್ಟ್ ರಿಪೇರಿ ಮೊದಲು, ಹ್ಯಾರೋ ಆಮೇಲೆ. ಅದರ ಕೆಳಗೆ ಮಾತ್ರ ಯಾರೂ ಬಗ್ಗಬೇಡಿ.

ಆದರೂ ನನ್ನ ಲೆಕ್ಕವನ್ನೇ ನಂಬಿ ದುಡ್ಡು ಕೊಡಬೇಡಿ. ಒಂದು ದಿನಕ್ಕೆ ಹ್ಯಾರೋ ಕೇಳಿ ತಂದು ನಿಮ್ಮ ಹೊಲದಲ್ಲೇ ಹೊಡೆಯಿರಿ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ. ಹ್ಯಾರೋ ಎತ್ತಿಕೊಂಡು ಆ ಟೈರು ಹತ್ತು ಸುತ್ತು ತಿರುಗುವಷ್ಟು ಓಡಿಸಿ ದೂರ ಅಳೆಯಿರಿ. 40 ಮೀಟರ್ ಬಂತು ಅನ್ನಿ. ಈಗ ಹ್ಯಾರೋ ಇಳಿಸಿ ಮತ್ತೆ ಹತ್ತು ಸುತ್ತು. 34 ಮೀಟರಿಗಿಂತ ಕಮ್ಮಿ ಬಂದರೆ ಟೈರು ಜಾಸ್ತಿ ಜಾರುತ್ತಿದೆ, ಆ ಹ್ಯಾರೋ ನಿಮ್ಮ ಗಾಡಿಗೆ ಭಾರ. ನನ್ನ 16 ತಟ್ಟೆಯದು 30ಕ್ಕೇ ನಿಂತಿತ್ತು. ಈಗ ಅದು ಪಕ್ಕದ ಊರಿನ 55 ಎಚ್‌ಪಿ ಗಾಡಿಯ ಹಿಂದೆ ಆರಾಮಾಗಿ ಓಡುತ್ತಿದೆ.

ಹೊರಗೆ ಒಂದು ಹಳೇ ಗಾಡಿ ಹ್ಯಾರೋ ಸಮೇತ ನಿಂತಿದೆ. ಚಹಾ ಕುಡಿದು ಬನ್ನಿ, ಅಳೆದೇ ನೋಡೋಣ. ಸುಣ್ಣ, ಟೇಪು ಯಾರ ಹತ್ತಿರ ಇದೆ?