ವೈದ್ಯರ ಪರದೆಯ ಮುಂದೆ ಕೂರುವವರು ಯಾರು?

ಎಲ್ಲರಿಗೂ ನಮಸ್ಕಾರ.

ಆನ್‌ಲೈನ್‌ನಲ್ಲಿ ವೈದ್ಯರನ್ನು ಕಾಣುವವರು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ. ಅವರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಸರ್ಕಾರದ ಇ-ಸಂಜೀವನಿ ಸೇವೆಯ ಲೆಕ್ಕ ಬೇರೆಯದೇ ಕಥೆ ಹೇಳುತ್ತದೆ. 2023ರ ಫೆಬ್ರವರಿಯಲ್ಲಿ ಅದು 10 ಕೋಟಿ ಸಮಾಲೋಚನೆ ದಾಟಿದಾಗ, ಬಳಸಿದವರಲ್ಲಿ ಶೇ 57ಕ್ಕೂ ಹೆಚ್ಚು ಮಂದಿ ಹೆಂಗಸರಾಗಿದ್ದರು. ಹಿರಿಯ ನಾಗರಿಕರು ಸುಮಾರು ಶೇ 12.

ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದು ಗಂಡನ ಇಲ್ಲವೇ ಮಗನ ಜೇಬಿನಲ್ಲಿ. ಹಾಗಿದ್ದರೆ ಹೆಂಗಸರು ಮುಂದಾದದ್ದು ಹೇಗೆ?

ಉತ್ತರ ಇರುವುದು ಊರಿನ ಆರೋಗ್ಯ ಉಪಕೇಂದ್ರದಲ್ಲಿ. ಇ-ಸಂಜೀವನಿಗೆ ಎರಡು ದಾರಿಗಳಿವೆ. ಮನೆಯಿಂದಲೇ ನೇರವಾಗಿ ವೈದ್ಯರೊಡನೆ ಮಾತನಾಡುವುದು ಒಂದು. ಅದು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ ಬಂತು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಮೂಲಕ ಮಾತನಾಡುವುದು ಇನ್ನೊಂದು. ಬಹುಪಾಲು ಸಮಾಲೋಚನೆ ನಡೆದಿರುವುದು ಈ ಎರಡನೆಯ ದಾರಿಯಲ್ಲೇ. ಅಧಿಕಾರಿ ಬಿ.ಪಿ. ನೋಡಿ, ಬೆರಳು ಚುಚ್ಚಿ ಸಕ್ಕರೆ ನೋಡಿ, ಅಂಕಿಗಳನ್ನು ತುಂಬಿ ವೈದ್ಯರಿಗೆ ಕರೆ ಮಾಡುತ್ತಾರೆ. ತಾಯಿ ಮಗುವಿನ ತೋಳಿನ ಕಜ್ಜಿಯನ್ನು ಕ್ಯಾಮೆರಾಕ್ಕೆ ಹಿಡಿಯುತ್ತಾಳೆ. ವೈದ್ಯರು ಪರದೆಯಿಂದ ಪ್ರಶ್ನೆ ಕೇಳಿದರೆ ಆಕೆ ಉತ್ತರಿಸುವುದು ಪಕ್ಕದಲ್ಲಿ ಕುಳಿತ ಅಧಿಕಾರಿಗೆ! "ನನಗಲ್ಲ ಅಕ್ಕಾ, ಡಾಕ್ಟರಿಗೆ ಹೇಳಿ" ಎಂದು ಅವರು ನಗುತ್ತಾರೆ. ತಂತ್ರಜ್ಞಾನವನ್ನು ಹೊಗಳುವ ಭಾಷಣಗಳಲ್ಲಿ ಈ ಪಕ್ಕದ ಕುರ್ಚಿಯ ಪ್ರಸ್ತಾಪವೇ ಇರುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ.

ಹಳ್ಳಿಯವರು ಉಪಕೇಂದ್ರಕ್ಕೆ ಬರುವ ಕಾರಣವೂ ಸರಳ. ತಾಲ್ಲೂಕು ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಸ್ ಚಾರ್ಜು. ತಿಂಗಳು ತಿಂಗಳು ಅದೇ ಬಿ.ಪಿ. ಮಾತ್ರೆಗಾಗಿ ಯಾರು ಹೋಗುತ್ತಾರೆ? ಹೋಗದೆ ಮಾತ್ರೆ ಬಿಟ್ಟವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಪೇಟೆಯವರ ಕಾರಣ ಬೇರೆ. ಅವರಿಗೆ ಸಮಯದ ಚಿಂತೆ ಇದೆ, ಸಂಕೋಚವೂ ಇದೆ. ಮನೆಯವರೆಲ್ಲರನ್ನೂ ಬಲ್ಲ ವೈದ್ಯರ ಮುಂದೆ ಬಾಯಿಗೆ ಬಾರದ ಮಾತು ಅಪರಿಚಿತರ ಮುಂದೆ ಬರುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ನಿಮ್ಹಾನ್ಸ್ ಮುಂದಾಳತ್ವದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮುಖ ತೋರಿಸದೆ ಕರೆ ಮಾಡಬಹುದು ಎಂಬುದೇ ಎಷ್ಟೋ ಮಂದಿಗೆ ದೊಡ್ಡ ಧೈರ್ಯ.

ಎದೆನೋವು, ಉಸಿರುಕಟ್ಟುವಿಕೆಗೆ ಮಾತ್ರ ಪರದೆ ಹುಡುಕಬೇಡಿ. 108ಕ್ಕೆ ಕರೆ ಮಾಡಿ.

ಇನ್ನು ಗಂಡಸರು. ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ ಎಂದು ಹೆಂಗಸರಿಗೆ ಉಪಕೇಂದ್ರದ ದಾರಿ ಮೊದಲೇ ಗೊತ್ತು. ಗಂಡಸರು ಹೊಲದಿಂದಲೋ ಗಾರೆ ಕೆಲಸದಿಂದಲೋ ಮರಳುವ ಹೊತ್ತಿಗೆ ಅದಕ್ಕೆ ಬೀಗ ಬಿದ್ದಿರುತ್ತದೆ, ಮೆಡಿಕಲ್ ಶಾಪ್ ತೆರೆದಿರುತ್ತದೆ. ವಾರದಲ್ಲಿ ಎರಡು ಸಂಜೆ ಉಪಕೇಂದ್ರ ತೆರೆದು, ಅದೇ ಹೊತ್ತಿಗೆ ವೈದ್ಯರೂ ಪರದೆಯಲ್ಲಿ ಸಿಗುವಂತೆ ಮಾಡಿ ನೋಡಬಹುದು. ಇದಕ್ಕೆ ಹೊಸ ಆ್ಯಪ್ ಏನೂ ಬೇಕಿಲ್ಲ.