ಯುದ್ಧನೌಕೆಯೊಳಗೆ ಬಿದ್ದ ಆಯಿಯ ಚಪ್ಪಲಿ | ಬ್ಯಾಟಲ್‌ಶಿಪ್ ನ್ಯೂಜೆರ್ಸಿ, ಕ್ಯಾಮ್ಡೆನ್

ಎಲ್ಲರಿಗೂ ನಮಸ್ಕಾರ. ಮೈಕಿಗೆ ಹಾಕೋ ಸ್ಪಂಜು ಮನೆಯಲ್ಲೇ ಮರೆತು ಹೋಗಿದ್ದೆ, ಗಾಳಿಗೆ ಅರ್ಧ ಮಾತು ಹಾರಿಹೋಗಿದೆ. ಹಾಗಾಗಿ ರಾತ್ರಿ ಅಡುಗೆಮನೆಯಲ್ಲಿ ಕೂತು ಮೇಲಿಂದ ಧ್ವನಿ ಕೊಡ್ತಾ ಇದೀನಿ. ನಡುವೆ ಪಾತ್ರೆ ಸದ್ದು ಬಂದ್ರೆ ಅದು ಆಯಿ, ನಮ್ಮಮ್ಮ.

ಇದು ನ್ಯೂಜೆರ್ಸಿಯ ಎಡಿಸನ್ ಊರಿಂದ ಹೊರಟಿದ್ದು. ಟರ್ನ್‌ಪೈಕ್, ಲಾರಿ, ಮತ್ತೆ ಲಾರಿ. ಈ ಭಾಗ ಬೇಗ ಓಡಿಸಿಬಿಡ್ತೀನಿ. ಊರಿಂದ ಅಪ್ಪಯ್ಯ-ಆಯಿ ಬಂದು ಮೂರು ವಾರ ಆಯ್ತು. ಲಿಬರ್ಟಿ ಪ್ರತಿಮೆ ಆಯ್ತು, ಬ್ರಿಡ್ಜ್‌ವಾಟರ್ ವೆಂಕಟೇಶ್ವರ ದೇವಸ್ಥಾನ ಎರಡು ಸಲ ಆಯ್ತು. ಅಪ್ಪಯ್ಯ ಯೂಟ್ಯೂಬಲ್ಲಿ, ಈಗ ಮ್ಯೂಸಿಯಂ ಆಗಿರೋ ಈ ಅಮೆರಿಕದ ಹಳೇ ಯುದ್ಧನೌಕೆ ನೋಡಿ, "ಇದಕ್ಕೆ ಕರ್ಕೊಂಡು ಹೋಗು" ಅಂತ ಹಟ ಹಿಡಿದ್ರು. ನನಗೆ ಚೂರೂ ಮನಸ್ಸಿರ್ಲಿಲ್ಲ. ಓಡದೇ ಇರೋ ಹಡಗು, ಹಾರದೇ ಇರೋ ಗುಂಡು, ಅದಕ್ಕೆ ಟಿಕೆಟ್ ಬೇರೆ. ಗುಜರಿಗೆ ಹಾಕೋದಲ್ವಾ ಅಂದಿದ್ದೆ.

ಹಾಂ, ಇಲ್ಲಿ ನೋಡಿ. ಹಿಂದೆ ಕಾಣ್ತಿರೋ ಬೂದಿ ಬಣ್ಣದ್ದು ಕಟ್ಟಡ ಅಲ್ಲ, ಹಡಗಿನ ಪಕ್ಕೆ. ಫ್ರೇಮಿಗೆ ಹಿಡಿಸೋಕೆ ಆಗ್ಲೇ ಇಲ್ಲ. 887 ಅಡಿ ಉದ್ದ. ಹಿಂದೆ ಹಿಂದೆ ಹೋಗ್ತಾ ನಾನೇ ಡೆಲವೇರ್ ನದಿಗೆ ಬೀಳ್ತಿದ್ದೆ.

ಮೂರು ಗೋಪುರ, ಒಂದೊಂದರಲ್ಲಿ ಮೂರು ಫಿರಂಗಿ, ಒಟ್ಟು ಒಂಬತ್ತು. ಬಾಯಿ 16 ಇಂಚು. ಉಕ್ಕಿನ ಕವಚ ಒಡೆಯೋ ಗುಂಡು ಒಂದೊಂದೂ 1,225 ಕೆಜಿ, ಅಂದ್ರೆ ಹೆಚ್ಚುಕಮ್ಮಿ ಒಂದೂವರೆ ಮಾರುತಿ ಓಮ್ನಿ. ಅದನ್ನ 38 ಕಿಲೋಮೀಟರ್ ದೂರ ಎಸೀತಿತ್ತಂತೆ. ಅಪ್ಪಯ್ಯನ ಲೆಕ್ಕದಲ್ಲಿ, ಅಂಕೋಲೆಯಿಂದ ಹೊಡೆದ್ರೆ ಕಾರವಾರ ದಾಟಿ ಬೀಳತ್ತೆ. "ಸದ್ಯ, ಕಾರವಾರದವರಿಗೆ ಗೊತ್ತಾಗೋದು ಬೇಡ" ಅಂದ್ರು ಆಯಿ.

ಹುಟ್ಟಿದ್ದು ಇಲ್ಲೇ, ನದಿಯ ಆ ದಡದಲ್ಲಿ, ಫಿಲಡೆಲ್ಫಿಯಾದ ನೌಕಾ ಕಟ್ಟೆಯಲ್ಲಿ. ನೀರಿಗಿಳಿಸಿದ್ದು 1942ರ ಡಿಸೆಂಬರ್ 7, ಪರ್ಲ್ ಹಾರ್ಬರ್ ದಾಳಿಯಾಗಿ ಸರಿಯಾಗಿ ವರ್ಷಕ್ಕೆ. ಪೆಸಿಫಿಕ್, ಕೊರಿಯಾ, ವಿಯೆಟ್ನಾಂ, ಲೆಬನಾನ್ ಅಂತ ಸುತ್ತಿ, 1991ರಲ್ಲಿ ಕೊನೇ ಸಲ ನಿವೃತ್ತಿ. ನಡುನಡುವೆ ಮನೆಗೆ ಕಳಿಸಿದ್ದು, ಮತ್ತೆ ಕರೆಸ್ಕೊಂಡಿದ್ದು, ಅದೆಲ್ಲ ಒಳಗೆ ಫಲಕದಲ್ಲಿದೆ, ವೀಡಿಯೋ ನಿಲ್ಲಿಸಿ ಓದ್ಕೊಳ್ಳಿ. ನಿವೃತ್ತಿ ಆದ್ಮೇಲೆ ದೇಶದ ಆ ತುದಿಯಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ ಕಟ್ಟಿಹಾಕಿದ್ರು. 1999ರಲ್ಲಿ ಪನಾಮಾ ಕಾಲುವೆ ಮೂಲಕ ಎಳ್ಕೊಂಡು ಬಂದ್ರು. ಕಾಲುವೆಯ ಬಾಗಿಲು 110 ಅಡಿ ಅಗಲ, ಇದು 108. ಎರಡೂ ಬದಿಗೆ ಒಂದೊಂದಡಿ ಸಂದು. ನಾನು ಕಾಸ್ಟ್ಕೋ ಪಾರ್ಕಿಂಗಲ್ಲಿ ಕಾರು ಹಾಕೋಕೆ ಮೂರು ಸಲ ಹಿಂದೆ ಮುಂದೆ ಮಾಡ್ತೀನಿ.

ಮ್ಯೂಸಿಯಂ ಆಗಿ ಬಾಗಿಲು ತೆಗೆದಿದ್ದು 2001ರ ಅಕ್ಟೋಬರಲ್ಲಿ.

ಇಲ್ಲಿ ಅಪ್ಪಯ್ಯ ನೆಲ ಸವರ್ತಾ ಇದಾರೆ. ಎಲ್ಲರೂ ಫಿರಂಗಿ ಕೆಳಗೆ ಫೋಟೋ ತೆಗೆಸ್ಕೊಳ್ತಾ ಇದ್ರೆ, ಇವರು ಮಂಡಿಯೂರಿ ಹಲಗೆ ತಟ್ತಾ ಇದಾರೆ. ಡೆಕ್ಕಿಗೆ ಮೊದಲು ಹಾಸಿದ್ದು ಸಾಗವಾನಿ. ದಾಂಡೇಲಿ ಡಿಪೋ ನೋಡಿದವರಿಗೆ ಸಾಗವಾನಿ ಕಂಡ್ರೆ ಕೈ ಸುಮ್ನಿರಲ್ಲ. "ಹಲಗೆ ಅಡಿಗೆ ಎಂತ ಇದ್ದು?" ಅಂದ್ರು. ಅಡಿಗೆ ಉಕ್ಕು. ಕಷ್ಟ ಇರೋದೂ ಅಲ್ಲೇ. ಹಲಗೆ ಸಂದಿಯಿಂದ ಇಳಿದ ಮಳೆನೀರು ಮರಕ್ಕೂ ಉಕ್ಕಿಗೂ ನಡುವೆ ಕೂತುಬಿಡತ್ತೆ. ಮರ ಕೊಳೀತದೆ, ಉಕ್ಕು ತುಕ್ಕು ಹಿಡೀತದೆ, ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಕೆಳಗಿನ ಕೋಣೆಯ ಸೂರಿಂದ ತೊಟ್ಟಿಕ್ಕಿದಾಗಲೇ ತಿಳಿಯೋದು. ಅಷ್ಟು ಹೊತ್ತಿಗೆ ನೀರು ಎಲ್ಲಿ ಹೊಕ್ಕಿತೋ ಅಲ್ಲಿಂದ ಇಪ್ಪತ್ತು ಅಡಿ ಆಚೆ ಬಂದಿರತ್ತೆ. ನಮ್ಮನೆ ಉಪ್ಪರಿಗೆಯೂ ಹೀಗೇ, ಸೋರೋದು ಬಚ್ಚಲಲ್ಲಿ, ಹಂಚು ಒಡೆದಿರೋದು ದೇವರಕೋಣೆ ಮೇಲೆ.

ಸರಿ, ಒಳಗೆ. ಇಲ್ಲಿಂದ ಚಪ್ಪಲಿ ಪ್ರಕರಣ.

ಹಡಗಲ್ಲಿ ಇರೋದು ಮೆಟ್ಟಿಲಲ್ಲ, ಏಣಿ. ತೀರಾ ಕಡಿದಾದ ಕಬ್ಬಿಣದ ಏಣಿ. ಬೆಳಿಗ್ಗೆ ಹೊರಡುವಾಗ್ಲೇ ಹೇಳಿದ್ದೆ, "ಆಯೀ, ಶೂ ಹಾಕ್ಕೋ". ಹೊಸಾ ಶೂ ತೆಗೆಸಿಕೊಟ್ಟಿದೀನಿ, ಡಬ್ಬಿಯಲ್ಲೇ ಇದೆ, ಊರಿಗೆ ಹೋಗಿ ತೋರಿಸ್ಬೇಕಂತೆ. ಸೀರೆ ಮೇಲೆ ಹವಾಯಿ ಚಪ್ಪಲಿಯಲ್ಲೇ ಬಂದ್ರು. ಎರಡನೇ ಏಣಿ ಇಳೀತಾ ಇದಾರೆ, ನಾನು ಕೆಳಗಿಂದ ಶೂಟ್ ಮಾಡ್ತಾ ಇದೀನಿ, ನೋಡಿ, ಈಗ... ಬಲಗಾಲು... ಹೋಯ್ತು. ನಿಧಾನಗತಿಯಲ್ಲಿ ಇನ್ನೊಂದ್ಸಲ ಹಾಕ್ತೀನಿ. ಏಣಿಗೆ ಬಡೀತು, ನನ್ನ ಭುಜಕ್ಕೆ ಬಡೀತು, ಪಕ್ಕದಲ್ಲಿ ಜನ ಹೋಗದ ಹಾಗೆ ಸರಪಳಿ ಅಡ್ಡ ಕಟ್ಟಿದ್ದ ಇನ್ನೊಂದು ಕಿಂಡಿಯೊಳಗೆ ನೇರವಾಗಿ ಇಳೀತು. ಟಣ್ ಅಂತ ಸದ್ದು ಬರೋಕೆ ಎಷ್ಟೊತ್ತು ಹಿಡೀತು ಗೊತ್ತಾ? ಕೇಳಿಸ್ಕೊಳ್ಳಿ.

ಆಯಿ ಒಂಟಿ ಚಪ್ಪಲಿಯಲ್ಲಿ ನಿಂತಿದಾರೆ. "ಬಿಡು ಮಾರಾಯ, ಹೋದ್ರೆ ಹೋಯ್ತು" ಅಂತಾರೆ, ಆದ್ರೆ ಕದಲ್ತಾ ಇಲ್ಲ. ಅಪ್ಪಯ್ಯ "ಶನಿವಾರ ಚಪ್ಪಲಿ ಹೋದ್ರೆ ಶನಿ ಬಿಡ್ತು ಅಂತ" ಅಂದ್ರು. ಆಯಿ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ್ರು. ಹಿಂದೆ ಏಣಿ ಮೇಲೆ ಒಂದು ಸ್ಕೌಟ್ ಮಕ್ಕಳ ದಂಡೇ ಕಾಯ್ತಾ ಇದೆ. ನಾನು ಒಬ್ಬ ಸ್ವಯಂಸೇವಕರನ್ನ ಹುಡುಕಿ ಹೇಳಿದೆ. ವಯಸ್ಸಾದವರು, ತಲೆಮೇಲೆ ಹಡಗಿನ ಹೆಸರಿನ ಟೋಪಿ. ಅವರು ನಗ್ಲಿಲ್ಲ. ವಾಕಿಟಾಕಿ ತೆಗೆದು, ಗಂಭೀರವಾಗಿ, ಇಂಥ ಕೋಣೆಯಲ್ಲಿ ಒಂದು ಚಪ್ಪಲಿ ಇದೆ, ನೀಲಿ ಪಟ್ಟಿ, ಬಲಗಾಲಿನದ್ದು ಅಂತ ವರದಿ ಒಪ್ಪಿಸಿದ್ರು. ಜಪಾನಿನ ವಿಮಾನ ಕಂಡಾಗಲೂ ಇದೇ ಧ್ವನಿಯಲ್ಲಿ ಹೇಳಿರಬೇಕು.

ಇಪ್ಪತ್ತೈದು ನಿಮಿಷ. ಆ ಕೋಣೆಗೆ ಹೋಗೋ ದಾರಿ ಇನ್ನೆಲ್ಲಿಂದಲೋ ಸುತ್ತಿ ಬರತ್ತೆ. ಅಷ್ಟು ಹೊತ್ತು ಆಯಿ ನಾವಿಕರ ಮಂಚದ ಮುಂದೆ ನಿಂತು ಹಾಸಿಗೆ ಅಗಲ ಅಳೀತಾ ಇದ್ರು. ಮೂರು ಅಟ್ಟ, ಮಗ್ಗುಲು ಬದಲಿಸಿದ್ರೆ ಮೇಲಿನವನ ಬೆನ್ನಿಗೆ ಮೊಣಕೈ ತಾಗತ್ತೆ. "ಮದುವೆ ಮನೆ ಜಗುಲಿ ವಾಸಿ."

ಚಪ್ಪಲಿ ಬಂತು. ಆದ್ರೆ ಅಡಿಗೆ ನೋಡಿ, ಹತ್ತಿರದಿಂದ ತೋರಿಸ್ತೀನಿ. ಬಣ್ಣದ ಚಕ್ಕೆ ಅಂಟಿದೆ. ಅಲ್ಲಿ ಅವತ್ತು ಹಳೇ ಬಣ್ಣ ಕೆರೆಯೋ ಕೆಲಸ ನಡೀತಿತ್ತಂತೆ. ಅಪ್ಪಯ್ಯ ಒಂದು ಚಕ್ಕೆ ಉಗುರಲ್ಲಿ ಎತ್ತಿ ಅಂಚು ನೋಡಿದ್ರು. ಬಿಳಿ, ಅದರಡಿ ತೆಳು ಹಸಿರು, ಮತ್ತೆ ಬಿಳಿ, ಕೊನೇಲಿ ಹಳದಿ ಮಿಶ್ರ ಹಸಿರು, ಅದಕ್ಕಂಟಿ ಕಾಫಿಪುಡಿಯಂಥ ತುಕ್ಕು. ಇನ್ನೂ ಎಣಿಸ್ತಿದ್ರೋ ಏನೋ, ಆ ಹಿರಿಯರು ಗಾಬರಿಯಾಗಿ ಕೈಯಿಂದ ಕಸ್ಕೊಂಡು ಒದ್ದೆ ಕಾಗದ ಕೊಟ್ರು. ಹಳೇ ಬಣ್ಣದಲ್ಲಿ ಸೀಸ ಇರತ್ತೆ. ಕೈ ತೊಳೀದೆ ಏನೂ ತಿನ್ಬೇಡಿ ಅಂತ ಆಯಿಗೆ ಕೈಸನ್ನೆಯಲ್ಲಿ ಹೇಳಿದ್ರು. ಆಯಿ ಚಪ್ಪಲಿನೇ ತೊಳೆದ್ರು.

ಆಮೇಲೆ ಆ ಹಿರಿಯರು ನಮ್ಮನ್ನ ಬಿಡ್ಲೇ ಇಲ್ಲ. ಅಪ್ಪಯ್ಯ ಕನ್ನಡದಲ್ಲಿ ಕೇಳೋದು, ನಾನು ತಿರುಗಿಸೋದು. ಮೊದಲ ಪ್ರಶ್ನೆ: "ನೀರಲ್ಲಿ ಯಾಕೆ ಇಟ್ಟದ್ದು? ದಡಕ್ಕೆ ಎಳೆದು ನಿಲ್ಸಿದ್ರೆ ಆಗಿತ್ತಲ್ಲ, ನಮ್ಮ ಚಪಲ್ ತರಹ." ಚಪ್ಪಲಿ ಅಲ್ಲ, ಚಪಲ್. ಕಾರವಾರದ ಟಾಗೋರ್ ಕಡಲತೀರದಲ್ಲಿ ಇರೋ ಐಎನ್‌ಎಸ್ ಚಪಲ್, ಕ್ಷಿಪಣಿ ದೋಣಿ. 1976ರಲ್ಲಿ ಸೇವೆಗೆ ಬಂದು 2005ರಲ್ಲಿ ನಿವೃತ್ತಿ, ಮರುವರ್ಷ ದಡದ ಮೇಲೆ ಮ್ಯೂಸಿಯಂ. ಅದು ಸಣ್ಣದು, ಎಳೀಬಹುದು. ಇದು 45 ಸಾವಿರ ಟನ್. ಜಪಾನಿನವರು ಯೊಕೊಸುಕಾದಲ್ಲಿ ಮಿಕಾಸಾ ಅನ್ನೋ ಯುದ್ಧನೌಕೆಗೆ ಸುತ್ತ ಕಾಂಕ್ರೀಟ್ ಸುರಿದು ಕೂರಿಸಿಬಿಟ್ಟಿದಾರೆ, ಅದೊಂದು ದಾರಿ. ಇಲ್ಲಿ ತೇಲಿಸೇ ಇಟ್ಟಿದಾರೆ. ಒಂದು ಪುಣ್ಯ, ಕ್ಯಾಮ್ಡೆನ್ ಹತ್ರ ಡೆಲವೇರ್ ನೀರು ಸಿಹಿ. ಕಡಲಿನ ಉಪ್ಪುನೀರಾಗಿದ್ರೆ ತುಕ್ಕು ಇನ್ನೂ ಬೇಗ ತಿನ್ನೋದು.

ಆದ್ರೂ ತಿನ್ನತ್ತೆ. ಹಾಗಾಗಿ 2024ರ ಮಾರ್ಚಲ್ಲಿ ಇದನ್ನ ಎಳ್ಕೊಂಡು ಹೋಗಿ, ಹುಟ್ಟಿದ ಅದೇ ಫಿಲಡೆಲ್ಫಿಯಾ ಕಟ್ಟೆಯ ಒಣ ತೊಟ್ಟಿಯಲ್ಲಿ, ಅಂದ್ರೆ ಹಡಗು ಒಳಗೆ ತಂದು ನೀರು ಖಾಲಿ ಮಾಡೋ ಡ್ರೈ ಡಾಕಲ್ಲಿ, ಕೂರಿಸಿದ್ರು. ಹೆಚ್ಚುಕಮ್ಮಿ ಮೂವತ್ತು ವರ್ಷದ ಮೇಲೆ ಮೊದಲ ಸಲ ತಳ ಕಂಡಿದ್ದು. ಮೂರು ತಿಂಗಳು ಇಟ್ಕೊಂಡು ಜೂನ್ 20ಕ್ಕೆ ವಾಪಸ್ ಕಳಿಸಿದ್ರು. ಆಯಿ ಕೇಳಿ, "ತವರಿಗೆ ಬಾಣಂತನಕ್ಕೆ ಹೋಗಿ ಬಂದಾಂಗೆ" ಅಂದ್ರು. ಖರ್ಚು ಸುಮಾರು 10 ಮಿಲಿಯನ್ ಡಾಲರ್, ಅಂದ್ರೆ 80 ಕೋಟಿ ರೂಪಾಯಿ ಮೇಲೆ. ಒಂದು ಪಾಲು ನ್ಯೂಜೆರ್ಸಿ ರಾಜ್ಯ ಸರ್ಕಾರ ಕೊಡ್ತು. ನೌಕಾಪಡೆ ಹಡಗು ದಾನ ಕೊಡತ್ತೆ, ನಿರ್ವಹಣೆಗೆ ದುಡ್ಡು ಕೊಡಲ್ಲ. ಕನ್ಯಾದಾನ ಆಯ್ತು, ಇನ್ನು ನಿಮ್ಮನೆ ಜವಾಬ್ದಾರಿ.

ಆ ದುಡ್ಡಲ್ಲಿ ಮಾಡಿದ್ದೇನು? ತಳಕ್ಕೆ ಬಣ್ಣ. ನೀರು ಒಳಗೆ ತಗೊಳ್ಳೋಕೆ, ಹೊರಗೆ ಬಿಡೋಕೆ ಅಂತ ಇದ್ದ ನೂರಕ್ಕೂ ಹೆಚ್ಚು ತೂತುಗಳ ತಪಾಸಣೆ, ಅವೇ ಸೋರೋ ಜಾಗ. ಮತ್ತೆ ಆನೋಡು. ತಳಕ್ಕೆ ಬೇರೆ ಲೋಹದ ಗಟ್ಟಿಗಳನ್ನ ಜೋಡಿಸ್ತಾರೆ, ನೀರು ಮೊದಲು ಅದನ್ನ ತಿನ್ನತ್ತೆ, ಹಡಗಿನ ಉಕ್ಕು ಉಳಿಯತ್ತೆ. ಅಪ್ಪಯ್ಯನಿಗೆ ಇದು ಭಾರೀ ಇಷ್ಟ ಆಯ್ತು. ತೋಟದ ಬೇಲಿ ಹೊರಗೆ ದನಕ್ಕೆ ಒಂಚೂರು ಹುಲ್ಲು ಬಿಡೋ ಹಾಗೆ ಅಂತೆ.

ಆವಾಗ ತೊಟ್ಟಿಯೊಳಗೆ ಇಳಿದು ಹಡಗಿನ ಅಡಿಯಲ್ಲೇ ನಡೆಯೋ ಅವಕಾಶ ಇತ್ತು. 225 ಡಾಲರ್. ಒಬ್ಬರಿಗೆ. ನನ್ನ ಆಫೀಸಿನ ಗೆಳೆಯ ಕರೆದಿದ್ದ, ತುಕ್ಕು ನೋಡೋಕೆ ಇನ್ನೂರು ಡಾಲರ್ ಯಾರು ಕೊಡ್ತಾರೆ ಅಂತ ನಕ್ಕಿದ್ದೆ. ಈಗ ಹೊಟ್ಟೆ ಉರೀತಾ ಇದೆ. ಮುಂದಿನ ಸಲ ತಳ ಕಾಣೋ ಹೊತ್ತಿಗೆ ನನ್ನ ಮಂಡಿ ಏಣಿ ಇಳಿಯೋ ಸ್ಥಿತಿಯಲ್ಲಿ ಇರಲ್ಲ.

ಬೆಳಿಗ್ಗೆ ಬಂದಾಗ ಗುಜರಿಗೆ ಹಾಕಿ ಅಂತಿದ್ದವನು ನಾನೇ, ಹೌದು. ಈಗ ಬೇರೆ ಮಾತಾಡ್ತಿದೀನಿ. ಕಾರಣ ವಿಕ್ರಾಂತ್. ಹಳೇ ವಿಕ್ರಾಂತ್, 1971ರ ಯುದ್ಧದಲ್ಲಿದ್ದ ನಮ್ಮ ವಿಮಾನವಾಹಕ ಹಡಗು. ಮುಂಬಯಿಯಲ್ಲಿ ಚಿಕ್ಕಪ್ಪನ ಮನೆಗೆ ಹೋದಾಗ ತೋರಿಸಿದ್ರು, ನಾನು ಐಸ್‌ಕ್ಯಾಂಡಿ ಚೀಪ್ತಾ ನೋಡಿದ್ದೆ. 1997ರಲ್ಲಿ ನಿವೃತ್ತಿ, ಕೆಲವು ವರ್ಷ ಮ್ಯೂಸಿಯಂ, ಆಮೇಲೆ ತಳ ಭದ್ರ ಇಲ್ಲ ಅಂತ ಮುಚ್ಚಿದ್ರು, 2014ರಲ್ಲಿ 60 ಕೋಟಿಗೆ ಗುಜರಿ. ಅದರ ಉಕ್ಕು ಸೇರಿಸಿ ಬಜಾಜ್‌ನವರು ವಿ ಅಂತ ಬೈಕ್ ಮಾಡಿದ್ರಲ್ಲ, ನಮ್ಮ ಭಾವ ಒಂದು ತಗೊಂಡಿದ್ದ. ಟ್ಯಾಂಕ್ ತಟ್ಟಿ ತಟ್ಟಿ "ಇದು ಯುದ್ಧ ಮಾಡಿದ್ದು" ಅಂತಿದ್ದ. ಆ ಬೈಕೂ ಈಗ ಕೊಟ್ಟಿಗೆಯಲ್ಲಿದೆ, ಅದಕ್ಕೂ ತುಕ್ಕು.

ಇದು ಮೇಲಿನ ಡೆಕ್ಕಿಂದ ಆಚೆ ದಡ. ಅಲ್ಲಿ ಬಿಳಿ ಮತ್ತು ಕಂದು ಹಳದಿ ಬಣ್ಣದ್ದು ಕಾಣತ್ತಾ, ಜೂಮ್ ಮಾಡಿದೀನಿ, ಅಲುಗಾಡ್ತಿದೆ. ಅದು ಒಲಿಂಪಿಯಾ, ಅಮೆರಿಕದ ಇನ್ನೊಂದು ಹಳೇ ಯುದ್ಧದ ಹಡಗು. 1892ರಲ್ಲಿ ನೀರಿಗಿಳಿದಿದ್ದು, 1898ರ ಮನಿಲಾ ಕೊಲ್ಲಿ ಯುದ್ಧದಲ್ಲಿ ಮುಂದಾಳು ಹಡಗು. ಇನ್ನೂ ತೇಲ್ತಾ ಇದೆ. 1945ರಿಂದ ಈಚೆಗೆ ಒಣ ತೊಟ್ಟಿ ಕಂಡೇ ಇಲ್ಲ. ನೀರಿನ ಗೆರೆ ಹತ್ರ ತೇಪೆ ಹಾಕ್ತಾ ಹಾಕ್ತಾ ನಡೆಸ್ತಿದಾರೆ. ಅದನ್ನ ಕೇಳಿ ನನ್ನ ಅಭಿಪ್ರಾಯ ಮತ್ತೆ ಬದಲಾಯ್ತು. ಇರೋ ದುಡ್ಡು ಮೊದಲು ಆ ಮುದುಕಿಗೆ ಹೋಗ್ಬೇಕಿತ್ತು. ಈ ಮಾತು ಈ ಡೆಕ್ ಮೇಲೆ ಹೇಳ್ಬಾರ್ದು ಅಂತ ಮೆತ್ತಗೆ ಹೇಳಿದ್ದೆ, ಆದ್ರೂ ಟೋಪಿ ಹಿರಿಯರಿಗೆ ಅರ್ಥ ಆಯ್ತೋ ಏನೋ, ತಲೆ ಅಲ್ಲಾಡಿಸಿದ್ರು. ಇಲ್ಲೂ ಕೆಲಸ ಮುಗಿದಿದೆ ಅಂತ ಅಂದ್ಕೋಬೇಡಿ ಅಂದ್ರು. ಒಂದು ತುದಿಯಿಂದ ಕೆರೆದು ಬಣ್ಣ ಹೊಡೀತಾ ಇನ್ನೊಂದು ತುದಿ ಮುಟ್ಟೋಷ್ಟರಲ್ಲಿ ಮೊದಲನೇ ತುದೀಲಿ ತುಕ್ಕು ಮತ್ತೆ ಎದ್ದಿರತ್ತಂತೆ.

ಇದನ್ನ ನಾನು ತಿರುಗಿಸಿ ಹೇಳಿದ ತಕ್ಷಣ ಅಪ್ಪಯ್ಯ ಫೋನ್ ತೆಗೆದ್ರು. ಜೂನ್ ಮೊದಲ ವಾರ, ಊರಲ್ಲಿ ಮಳೆ ಹಿಡಿಯೋ ಹೊತ್ತು. ಪಕ್ಕದ ಮನೆಯವನಿಗೆ ವಾಟ್ಸಾಪಲ್ಲಿ ಧ್ವನಿ ಸಂದೇಶ: "ಹಂಚು ಕೈಯಾಡಿಸಿ ಆಯ್ತನಾ? ಸೋಗೆ ಕಟ್ಟಿದ್ಯಾ, ಪಡುಬದಿಗೆ? ಫೋಟೋ ಹಾಕು." ಅಪ್ಪಯ್ಯಾ, ಅಲ್ಲಿ ಈಗ ರಾತ್ರಿ ಎರಡೂವರೆ ಅಂದೆ. "ಬೆಳಿಗ್ಗೆ ಎದ್ದು ಕೇಳ್ತ" ಅಂದ್ರು. ಎರಡೇ ನಿಮಿಷಕ್ಕೆ ಉತ್ತರ ಬಂತು. ಅವನಿಗೆ ಎಚ್ಚರ ಇತ್ತು. ಮಳೆ ಸುರೀತಾ ಇತ್ತಂತೆ, ಬಚ್ಚಲಲ್ಲಿ ಕೊಡಪಾನ ಇಟ್ಟು ಬಂದಿದ್ದನಂತೆ.

ಬ್ಯಾಟರಿ ಕೆಂಪು ಮಿಣುಕ್ತಾ ಇದೆ. ಇದು ಗಿಫ್ಟ್ ಅಂಗಡಿ, ಏನೂ ತಗೊಳ್ಲಿಲ್ಲ. ಆಯಿಯ ಕಾಲು ನೋಡಿ, ಕೊನೇ ಶಾಟ್. ಎರಡೂ ಚಪ್ಪಲಿ ಇದೆ.